ಕದದಮ್ಮನ ಸರಪಳಿ

ಒಬ್ಬರಿಗೆ ಕೇಡು ಬಯಸುವುದಕ್ಕೆ ನಮ್ಮೂರಿನಲ್ಲಿ ಹೆಚ್ಚು ಖರ್ಚಿರಲಿಲ್ಲ. ಒಂದು ತೆಂಗಿನಕಾಯಿ, ಒಂದು ಬಿಲ್ಲೆ ಕರ್ಪೂರ, ಪೂಜಾರಿಯ ತಟ್ಟೆಗೆ ಕೈಗೆ ಬಂದಷ್ಟು ಚಿಲ್ಲರೆ, ಆಮೇಲೆ ಒಂದು ಬೀಗ. ಇವುಗಳಲ್ಲಿ ಬೀಗವೇ ದುಬಾರಿ. ಕೂಲಿಯವರಿಗೆ ಎರಡು ದಿನದ ದುಡಿಮೆ ಅದಕ್ಕೇ ಹೋಗುತ್ತಿತ್ತು. ಪೂಜಾರಿಯ ತಟ್ಟೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ನನ್ನ ಅಂಗಡಿಯಲ್ಲೇ ಸಿಗುತ್ತಿದ್ದುದರಿಂದ ಈ ಲೆಕ್ಕ ನನಗೆ ಬಾಯಿಪಾಠವಾಗಿತ್ತು.

ಕದದಮ್ಮನ ಗುಡಿ ಊರಾಚೆಯ ದಿಣ್ಣೆಯ ಮೇಲೆ. ಗುಡಿಯ ಮುಂದೆ ಎರಡು ಕಲ್ಲುಕಂಬಗಳು, ಅವುಗಳ ನಡುವೆ ಹೆಬ್ಬೆರಳು ದಪ್ಪದ ಕಬ್ಬಿಣದ ಸರಪಳಿ. ಸರಪಳಿಯ ತುಂಬ ಬೀಗಗಳು. ಹಿತ್ತಾಳೆಯವು, ಕಬ್ಬಿಣದವು, ಹೊಸದಾಗಿ ಹೊಳೆಯುವಂಥವು, ತುಕ್ಕು ಹಿಡಿದು ಬೆಲ್ಲದ ಬಣ್ಣಕ್ಕೆ ತಿರುಗಿದಂಥವು. ಗಾಳಿ ಬೀಸಿದಾಗ ಅವು ಒಂದಕ್ಕೊಂದು ತಾಗಿ, ಯಾರೋ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ ಎನ್ನುವಂತೆ ಸದ್ದು ಮಾಡುತ್ತಿದ್ದವು. ದಿಣ್ಣೆಯ ಬುಡದಲ್ಲಿದ್ದ ನನ್ನ ಅಂಗಡಿಗೆ ಆ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅನ್ಯಾಯಕ್ಕೆ ಒಳಗಾದವರು ಒದ್ದೆ ಬಟ್ಟೆಯಲ್ಲಿ ಗುಡಿ ಸುತ್ತಿ, ಅನ್ಯಾಯ ಮಾಡಿದವರ ಹೆಸರು ಹೇಳಿ, ಸರಪಳಿಗೆ ಬೀಗ ಹಾಕಿ, ಬೀಗದ ಕೈಯನ್ನು ಮನೆಗೆ ಒಯ್ಯಬೇಕು. ಆಗ ಆ ಮನುಷ್ಯನ ಬಾಯೋ ಕೈಯೋ ವ್ಯಾಪಾರವೋ ಕಟ್ಟಿಹೋಗುತ್ತದೆ. ನ್ಯಾಯ ಸಿಕ್ಕಿದ ಮೇಲೆ ಹಾಕಿದವರೇ ಬಂದು ತೆಗೆಯಬೇಕು. ಬೇರೆ ಯಾರಾದರೂ ಆ ಬೀಗ ಮುಟ್ಟಿದರೆ ಅದರ ಕೇಡು ಮುಟ್ಟಿದವರ ಪಾಲಿಗೆ. ಇದು ಊರಿನ ನಂಬಿಕೆ. ಪೂಜಾರಿಯೂ ಸರಪಳಿಗೆ ದೂರದಿಂದಲೇ ನೀರು ಎರಚುತ್ತಿದ್ದ.

ಬೀಗ ಮಾರುವವರಿಗೆ ಮಾತ್ರ ಮುಟ್ಟುವ ಹಕ್ಕಿತ್ತು. ತುಕ್ಕು ಹಿಡಿದು ಬೀಗ ಕಚ್ಚಿಕೊಂಡರೆ ತೆಗೆಯಬೇಕೆಂದವರಿಗೂ ತೆಗೆಯಲಾಗುವುದಿಲ್ಲ. ಅದಕ್ಕಾಗಿ ಯುಗಾದಿಗೆ ಮುಂಚೆ ಎಲ್ಲ ಬೀಗಗಳಿಗೂ ಎಣ್ಣೆ ಬಿಡುವುದು ನಮ್ಮ ಅಂಗಡಿಯವರ ಕೆಲಸವಾಗಿತ್ತು. ನಮ್ಮನೆಯವರು ಇದ್ದಷ್ಟು ಕಾಲ ಎಣ್ಣೆ ಡಬ್ಬಿ, ಎಣ್ಣೆ ಸವರಲು ಕೋಳಿಪುಕ್ಕ, ಹಳೇ ಬಟ್ಟೆ ಹಿಡಿದು ದಿಣ್ಣೆ ಹತ್ತುತ್ತಿದ್ದರು. ಇಳಿದು ಬಂದಾಗ ಕೈ ಒರೆಸಿಕೊಳ್ಳುತ್ತಾ ನಕ್ಕು, "ನಮ್ಮೂರ ಜನ ನೀನು ತಿಳ್ಕಂಡಷ್ಟು ಕೆಟ್ಟೋರಲ್ಲ ಕಣೆ" ಎನ್ನುತ್ತಿದ್ದರು. ಪ್ರತಿ ವರ್ಷವೂ ಅದೇ ಮಾತು. ಬೀಗ ಮಾರುವವರು ಹಾಗಲ್ಲದೆ ಇನ್ನೇನು ಹೇಳುತ್ತಾರೆ ಎಂದುಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಎಣ್ಣೆ ಬಿಡುವ ಕೆಲಸವೂ ನಿಂತಿತು. ನನಗೆ ಆ ಸರಪಳಿಯ ಹತ್ತಿರ ಹೋಗಲು ಮನಸ್ಸಾಗುತ್ತಿರಲಿಲ್ಲ. ಒಂದೊಂದು ಬೀಗವನ್ನೂ ನಾನೇ ಮಾರಿದ್ದು. ಯಾರು ಯಾರಿಗೆ ಕೇಡು ಬಯಸಿದ್ದಾರೆ ಎನ್ನುವುದು ಗೊತ್ತಿತ್ತು. ಮದುವೆ ಮನೆಯಲ್ಲಿ ಪಕ್ಕಪಕ್ಕದಲ್ಲೇ ಕೂತು ಉಣ್ಣುವವರು ಒಬ್ಬರ ಮೇಲೊಬ್ಬರು ಬೀಗ ಹಾಕಿದವರಾಗಿರುತ್ತಿದ್ದರು. ಅಂಥ ಊರಿನಲ್ಲಿ ಒಬ್ಬಳೇ ಬಾಳಬೇಕಲ್ಲ ಎಂಬ ಅಳುಕು ಒಳಗೊಳಗೇ ಇತ್ತು.

ಹೊನ್ನಮ್ಮ ನನ್ನ ಅಂಗಡಿಗೆ ಬಂದದ್ದು ಬಿಸಿಲು ಏರುವ ಹೊತ್ತಿನಲ್ಲಿ. ಅವಳು ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುವವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ.

"ಅಕ್ಕಯ್ಯ, ಒಂದು ಬೀಗ ಕೊಡು. ಗಟ್ಟಿಯಾದ್ದು ಕೊಡು."

"ಮನೆಗೋ, ಮೇಲಕ್ಕೋ?" ಎಂದೆ. ಎಲ್ಲ ಗಿರಾಕಿಗಳನ್ನೂ ಹಾಗೇ ಕೇಳುತ್ತಿದ್ದೆ.

"ಮೇಲಕ್ಕೆ."

"ಯಾರಿಗವ್ವ?"

"ನಮ್ಮ ಬಾವಂಗೆ."

ಅವಳ ಬಾವ ಬೋರಲಿಂಗಯ್ಯ ಮಂಡಿಯಲ್ಲಿ ಹರಾಜು ಕೂಗುವವನು. ಹುಣಿಸೆಹಣ್ಣು, ಬೆಲ್ಲ, ಕೊಬ್ಬರಿ ಏನೇ ಬರಲಿ, "ಒಂದು ಸಾರಿ, ಎರಡು ಸಾರಿ" ಎಂದು ಅವನು ಕೂಗಿದರೆ ಕೆರೆಯ ಏರಿಯ ಮೇಲೆ ಹೋಗುವವರೂ ತಿರುಗಿ ನೋಡಬೇಕು, ಅಂಥ ಕಂಠ. ಅಣ್ಣತಮ್ಮಂದಿರ ಮನೆಗಳು ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಪಕ್ಕದ ಸಂದಿಯಲ್ಲಿ ಹಾದು ಹೊನ್ನಮ್ಮನ ಎಮ್ಮೆಗಳು ಹಿತ್ತಲಿನಿಂದ ಬೀದಿಗೆ ಬರುತ್ತಿದ್ದವು. ತಮ್ಮ ಸತ್ತ ಮೇಲೆ ಬೋರಲಿಂಗಯ್ಯ ಸಂದಿ ತನ್ನದೆಂದು ಹೇಳಿ ಅದರ ಬಾಯಿಗೆ ಗೋಡೆ ಎತ್ತಿಸಿದ. ಅಂದಿನಿಂದ ಎಮ್ಮೆಗಳು ಅಡುಗೆಮನೆ ದಾಟಿ, ನಡುಮನೆ ದಾಟಿ, ಮುಂಬಾಗಿಲಿನಿಂದ ಇಳಿಯಬೇಕಾಗಿತ್ತು.

"ದಿನಾ ಎರಡು ಹೊತ್ತು ಸಗಣಿ ಬಾಚ್ತೀನಿ ನಡುಮನೇಲಿ. ನಿನ್ನೆ ದೊಡ್ಡೆಮ್ಮೆ ಒಲೇನೇ ತುಳೀತು. ನೆಂಟ್ರು ಬಂದ್ರೆ ಮೊದ್ಲು ಎಮ್ಮೆ ಹೋಗ್ಲಿ ತಡೀರಿ ಅನ್ಬೇಕು" ಎಂದಳು. ಅವಳು ಹೇಳಿದ ರೀತಿಗೆ ನನಗೆ ನಗು ಬಂತು. ಅವಳೂ ನಕ್ಕಳು. ಆಮೇಲೆ ಅವಳ ಕಣ್ಣು ತುಂಬಿತು.

"ಪಂಚಾಯ್ತಿ ಮಾಡಿಸ್ಲಿಲ್ವ?"

"ಮಾಡಿಸ್ದೆ. ಅವ್ರು ಕೂಗಿದ್ರು, ಎಲ್ಲಾರೂ ಎದ್ದು ಹೋದ್ರು. ಅವ್ರ ಬಾಯಿ ಮುಂದೆ ನನ್ನ ಮಾತು ಯಾರ ಕಿವಿಗೆ ಬಿದ್ದೀತು? ಠಾಣೇಲಿ ಕೇಳಿದ್ರೆ ಕೋರ್ಟಿಗೆ ಹೋಗಮ್ಮ ಅಂದ್ರು. ಕೋರ್ಟು ತೀರ್ಪು ಕೊಡೋ ಹೊತ್ತಿಗೆ ಎಮ್ಮೇನೂ ಇರಲ್ಲ, ನಾನೂ ಇರಲ್ಲ."

"ಅವ್ರಿಗೆ ಕೆಟ್ಟದ್ದಾಗ್ಲಿ ಅಂತ ಕೇಳ್ಕಂತೀಯ?"

"ಆ ಬಾಯಿ ನಿಲ್ಲಲಿ ಅಂತ ಕೇಳ್ಕಂತೀನಿ. ಬೇರೇನೂ ಬೇಡ."

ವಾದಿಸಿ ಗಿರಾಕಿಯನ್ನು ಕಳಿಸುವುದು ನನ್ನ ವ್ಯಾಪಾರವಲ್ಲ. ಬೀಗ ತೆಗೆದುಕೊಟ್ಟೆ. ನಾನು ಮಾರುವ ಎಲ್ಲ ಬೀಗಗಳಂತೆ ಅದೂ ಹಳೇ ತರಹದ್ದು, ಕಬ್ಬಿಣದ್ದು. ಅದನ್ನು ಹೇಗೆ ಹಾಕಬೇಕೆಂದು ಎಲ್ಲರಿಗೂ ತೋರಿಸುವಂತೆ ಅವಳಿಗೂ ತೋರಿಸಿದೆ. "ಕೊಂಡಿ ಒತ್ತಿದ್ರೆ ಸಾಲದು. ಹಾಕ್ದಂಗೇ ಕಾಣ್ತದೆ, ಆದ್ರೆ ಹಿಡ್ಕಂಡು ಎಳೆದ್ರೆ ಬಂದ್ಬಿಡ್ತದೆ. ಬೀಗದ ಕೈ ಪೂರ್ತಿ ತಿರುಗಿಸ್ಬೇಕು."

ಅವಳು ತಲೆಯಾಡಿಸಿ ಬಾವಿಯ ಕಡೆಗೆ ಹೋದಳು. ಒದ್ದೆ ಸೀರೆಯಲ್ಲಿ ದಿಣ್ಣೆ ಹತ್ತಿದ್ದನ್ನೂ, ಸರಪಳಿಯ ಮುಂದೆ ಬಹಳ ಹೊತ್ತು ನಿಂತಿದ್ದನ್ನೂ ನಾನು ಕೆಳಗಿನಿಂದ ನೋಡಿದೆ. ಇಳಿದು ಬಂದಾಗ ಬೀಗದ ಕೈ ಸೆರಗಿನ ತುದಿಯಲ್ಲಿ ಗಂಟಾಗಿತ್ತು. ನನ್ನ ಕಡೆ ನೋಡದೆ ಹೋದಳು.

ಮಳೆಗಾಲ ಕಳೆಯಿತು. ಹುಣಿಸೆಹಣ್ಣಿನ ಕಾಲ ಬಂತು. ಒಂದು ದಿನ ಮಂಡಿಯಲ್ಲಿ ಬೋರಲಿಂಗಯ್ಯ "ಒಂದು ಸಾರಿ" ಎಂದ, "ಎರಡು ಸಾರಿ" ಎಂದ, ಆಮೇಲೆ ನಿಂತ. ಮೂರನೆಯದಕ್ಕೆ ವ್ಯಾಪಾರಿಗಳು ಕಾದರು. ಬೆಲೆ ಏರಿಸಲು ಆಟ ಆಡುತ್ತಿದ್ದಾನೆ ಎಂದುಕೊಂಡು ಯಾರೋ ನಕ್ಕರಂತೆ. ಅವನ ಬಾಯಿ ಒಂದು ಪಕ್ಕಕ್ಕೆ ಜಾರಿತು, ಬಲಗೈ ಸೋತಿತು, ಹುಣಿಸೆಹಣ್ಣಿನ ರಾಶಿಯ ಮೇಲೆಯೇ ಕುಸಿದ. ಆಸ್ಪತ್ರೆಯಿಂದ ಮನೆಗೆ ಬಂದಾಗ ನಡೆಯಬಲ್ಲವನಾಗಿದ್ದ. ಮಾತು ಮಾತ್ರ ಇರಲಿಲ್ಲ.

ಡಾಕ್ಟರು ರಕ್ತದ ಒತ್ತಡ ಎಂದರು. ಊರಿನವರು ಬೀಗ ಎಂದರು. ಹೊನ್ನಮ್ಮನನ್ನು ಜನ ನೋಡುವ ರೀತಿಯೇ ಬದಲಾಯಿತು. ಅವಳು ಬೀದಿಯಲ್ಲಿ ಬಂದರೆ ಜಗಲಿಯ ಮೇಲಿದ್ದವರು ಕಾಲು ಮಡಿಸಿಕೊಳ್ಳುತ್ತಿದ್ದರು. ಹಾಲಿಗೆ ನೀರು ಹಾಕಿದ್ದೀಯ ಎಂದು ದಿನವೂ ತಕರಾರು ಮಾಡುತ್ತಿದ್ದ ಹೋಟೆಲಿನವನು ಪಾತ್ರೆಯೊಳಗೆ ನೋಡುವುದನ್ನೇ ಬಿಟ್ಟ. ನನ್ನ ವ್ಯಾಪಾರವೂ ಏರಿತು, ಅದನ್ನೂ ಹೇಳಬೇಕು. ಆ ತಿಂಗಳು ತರಿಸಿದ ಬೀಗಗಳು ಸಾಲದೇ ಹೋದವು.

ಆಗ ಬೋರಲಿಂಗಯ್ಯನ ಮಗ ಮರಿಸ್ವಾಮಿ ಠಾಣೆಗೆ ಹೋಗಿ ಚಿಕ್ಕಮ್ಮನ ಮೇಲೆ ದೂರು ಕೊಟ್ಟ. ನಮ್ಮಪ್ಪನ ಬಾಯಿ ಕಟ್ಟಿಸಿದ್ದಾಳೆ, ಹಿಡಿದು ಒಳಗೆ ಹಾಕಿ ಎಂದು. ಠಾಣೆಯ ಸಾಹೇಬರು ಒಬ್ಬ ಪೇದೆಯನ್ನು ಕರೆದುಕೊಂಡು ದಿಣ್ಣೆಗೆ ಬಂದರು. ಪೂಜಾರಿಯನ್ನು, ನನ್ನನ್ನು, ಹೊನ್ನಮ್ಮನನ್ನು ಕರೆಸಿದರು. ಕರೆಯದೆ ಬಂದವರು ದಿಣ್ಣೆಯ ತುಂಬ ನಿಂತಿದ್ದರು. ಪೇದೆ ಸರಪಳಿಯನ್ನು ನೋಡಿ, ಯಾರಿಗೂ ಗೊತ್ತಾಗದಂತೆ ಎರಡು ಹೆಜ್ಜೆ ಹಿಂದೆ ಸರಿದು ಟೋಪಿ ಕೈಗೆ ತೆಗೆದುಕೊಂಡ.

ಸಾಹೇಬರು ನಡುವಯಸ್ಸಿನವರು. ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡು, "ಏನಮ್ಮ, ಬೀಗ ಹಾಕಿದ್ದು ನಿಜವೇನು?" ಎಂದರು.

"ತಂದು ನೇತಾಕಿದ್ದು ನಿಜ ಸಾಮಿ."

"ಒಪ್ಕಂಡ್ಳು ನೋಡಿ," ಎಂದ ಮರಿಸ್ವಾಮಿ. "ಬರ್ಕೊಳ್ಳಿ ಸಾರ್."

"ಏನಂತ ಬರ್ಕೊಳ್ಳಲಪ್ಪ? ಕಬ್ಬಿಣಕ್ಕೆ ಕಬ್ಬಿಣ ಹಾಕಿದ್ದಾಳೆ ಅಂತಲಾ? ನಿಮ್ಮಪ್ಪನ ಮೈ ಮುಟ್ಟಿದ್ದಾಳಾ? ಊಟಕ್ಕೇನಾದರೂ ಬೆರೆಸಿದ್ದಾಳಾ?"

"ಕೇಡು ಬಯಸವ್ಳೆ ಸಾರ್."

"ಬಯಸೋದು ಅಪರಾಧ ಆಗಿದ್ರೆ ನನ್ನ ಠಾಣೆ ಈ ದಿಣ್ಣೆಯಷ್ಟು ದೊಡ್ಡದಿದ್ದರೂ ಸಾಲ್ತಿರಲಿಲ್ಲ. ನನ್ನ ಕೈಕೆಳಗಿನವರು ನನಗೆ ದಿನಾ ಏನು ಬಯಸ್ತಾರೋ ಯಾರಿಗೆ ಗೊತ್ತು?" ಎಂದು ಪೇದೆಯ ಕಡೆ ನೋಡಿದರು. ಪೇದೆ ನೆಲ ನೋಡಿದ. ಜನ ನಕ್ಕರು.

ಆಮೇಲೆ ಸಾಹೇಬರು ದನಿ ಬದಲಿಸಿದರು. "ಆದ್ರೆ ಒಂದು ಮಾತು ಇದೆ. ಇಂಥ ಕೆಲಸ ಮಾಡಿಕೊಡು, ಇಲ್ಲದಿದ್ರೆ ದೇವರ ಕೋಪಕ್ಕೆ ಸಿಕ್ಕಿಸ್ತೀನಿ ಅಂತ ಯಾರಾದರೂ ಹೆದರಿಸಿದರೆ, ಅದು ಕಾನೂನಿನಲ್ಲಿ ತಪ್ಪು. ಜೈಲೂ ಉಂಟು. ಮರಿಸ್ವಾಮಿ, ನಿಮ್ಮ ಚಿಕ್ಕಮ್ಮ ನಿಮ್ಮನೆಗೆ ಬಂದು ಏನಾದರೂ ಕೇಳಿದಳಾ? ದಾರಿ ಬಿಟ್ಟರೆ ಬೀಗ ತೆಗೀತೀನಿ ಅಂತ ಏನಾದರೂ?"

ಮರಿಸ್ವಾಮಿ ಒರಟನಾದರೂ ಸುಳ್ಳುಗಾರನಲ್ಲ. "ಇಲ್ಲ ಸಾರ್. ಮಾತೇ ಆಡಿಲ್ಲ."

"ಈಗ ನೀನು ಹೇಳಮ್ಮ. ಇವರಿಂದ ನಿನಗೇನಾದರೂ ಬೇಕಾ?"

ಹೊನ್ನಮ್ಮ ಬಾಯಿ ತೆರೆದಳು. ಏನು ಹೇಳಲು ಹೊರಟಿದ್ದಾಳೆಂದು ನನಗೆ ತಿಳಿಯಿತು. ಪಕ್ಕದಲ್ಲೇ ನಿಂತಿದ್ದ ನಾನು ಅವಳ ಕಾಲಿನ ಮೇಲೆ ಕಾಲಿಟ್ಟು ಚೆನ್ನಾಗಿ ಅದುಮಿದೆ. ಅವಳು ಬಾಯಿ ಮುಚ್ಚಿದಳು. ಸಾಹೇಬರು ನನ್ನ ಪಾದವನ್ನೊಮ್ಮೆ ನೋಡಿ, ದೂರದ ಕೆರೆಯ ಕಡೆಗೆ ಮುಖ ತಿರುಗಿಸಿದರು.

"ಏನೂ ಬ್ಯಾಡ ಸಾಮಿ" ಎಂದಳು.

ಇಷ್ಟಕ್ಕೇ ಎಲ್ಲ ಮುಗಿದು ಎದ್ದು ಹೋಗಬಹುದಾಗಿತ್ತು. ಆದರೆ ಮರಿಸ್ವಾಮಿಯ ಮುಖ ನೋಡಿದೆ. ಅವನಿಗೆ ಚಿಕ್ಕಮ್ಮ ಜೈಲಿಗೆ ಹೋಗುವುದು ಬೇಕಿರಲಿಲ್ಲ. ಬೀಗ ಬಿಚ್ಚಬೇಕಾಗಿತ್ತು. ಅಪ್ಪನಿಗೆ ಮಾತು ಬರಬೇಕಾಗಿತ್ತು.

"ಸಾಹೇಬ್ರೆ, ಒಂದು ಕೇಳ್ತೀನಿ" ಎಂದೆ. "ಇವ್ಳು ಏನೂ ಕೇಳ್ಲಿಲ್ಲ. ಇವ್ನು ತಾನಾಗೇ ತನ್ನ ಗೋಡೆ ಒಡ್ಕಂಡ್ರೆ?"

"ಅವನ ಗೋಡೆ, ಅವನ ಹಾರೆ. ಅದರಲ್ಲಿ ಪೊಲೀಸಿಗೇನು ಕೆಲಸ?"

ಮರಿಸ್ವಾಮಿ ಬಹಳ ಹೊತ್ತು ಯೋಚಿಸಲಿಲ್ಲ. "ಒಡೀತೀನಿ ಚಿಕ್ಕವ್ವ. ನಿನ್ನ ಎಮ್ಮೆ ಹೋಗ್ಲಿ. ಈಗ್ಲೇ ಬೀಗ ತೆಗಿ" ಎಂದ.

ಈಗಲೇ ಎಂಬ ಮಾತು ನನಗೆ ಹಿಡಿಸಲಿಲ್ಲ. ಬೀಗ ತೆಗೆದ ಮೇಲೆ ಗೋಡೆ ಒಡೆಯುವ ಅವಸರ ಯಾರಿಗಿರುತ್ತದೆ? ಪೂಜಾರಿಯೇ ನನಗೊಂದು ದಾರಿ ತೋರಿಸಿದ. "ಮಳೇಲಿ ನೆಂದೈತೆ, ಎಣ್ಣೆ ಬಿಡ್ದೆ ಬರಲ್ಲ. ಅಂಗಡಿಯಕ್ಕ, ನಿನ್ನ ಕೆಲಸ ನೀನೇ ನಿಲ್ಲಿಸಿದ್ದೀಯಲ್ಲ" ಎಂದು ಎಲ್ಲರ ಮುಂದೆ ಕುಟುಕಿದ.

ಅಂಗಡಿಯಿಂದ ಎಣ್ಣೆ ಡಬ್ಬಿ, ಪುಕ್ಕ, ಬಟ್ಟೆ ತಂದೆ. ಯಾವ ಸರಪಳಿಯ ಹತ್ತಿರ ಹೋಗಲು ಅಷ್ಟು ವರ್ಷ ಹೆದರಿದ್ದೆನೋ ಅಲ್ಲಿಗೇ ಊರೆಲ್ಲ ನೋಡುತ್ತಿರುವಾಗ ಹೋದೆ. ಹೊನ್ನಮ್ಮ ಬೆರಳು ತೋರಿಸಿದ ಬೀಗವನ್ನು ಬಟ್ಟೆಯಲ್ಲಿ ಹಿಡಿದು, ಪುಕ್ಕ ಆಡಿಸಲೆಂದು ಕೊಂಚ ಎತ್ತಿದೆ. ಕೊಂಡಿ ಸಲೀಸಾಗಿ ಮೇಲೆದ್ದು ಬಂತು.

ಬೀಗ ಹಾಕಿಯೇ ಇರಲಿಲ್ಲ.

ನನ್ನ ಬೆನ್ನು ಜನರ ಕಡೆಗಿತ್ತು. ತಿರುಗಿ ಹೊನ್ನಮ್ಮನನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆಯಿತ್ತು, ಹಿಡಿದುಹಾಕಿದ ಕಳ್ಳಿಗೆ ಇರುವಂಥ ಹೆದರಿಕೆ. ಇವಳು ಯಾರಿಗೂ ಏನೂ ಮಾಡಿಲ್ಲ ಎಂದು ಅಲ್ಲಿಂದಲೇ ಕೂಗಿ ಹೇಳಬಹುದಿತ್ತು. ಹೇಳಿದರೆ ಅವಳ ಮೇಲಿನ ಅಪವಾದ ಆ ಕ್ಷಣಕ್ಕೇ ತೊಳೆದುಹೋಗುತ್ತಿತ್ತು. ಗೋಡೆ ಮಾತ್ರ ಇದ್ದಲ್ಲೇ ಇರುತ್ತಿತ್ತು.

ನಾನು ಕೊಂಡಿಯನ್ನು ಒತ್ತಿ ಮೊದಲಿನಂತೆ ಕೂರಿಸಿದೆ. "ತುಕ್ಕು ಬಲವಾಗಿ ಹಿಡಿದೈತೆ. ಎಣ್ಣೆ ಬಿಟ್ಟಿದ್ದೀನಿ, ನಾಳೆ ತನಕ ನೆನೀಬೇಕು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಸಂಜೆಯ ಹೊತ್ತಿಗೆ ಗೋಡೆ ನೆಲಕ್ಕೆ ಬಿದ್ದಿತ್ತು. ಮರಿಸ್ವಾಮಿ ಆಳುಗಳ ಜೊತೆ ತಾನೂ ಹಾರೆ ಹಿಡಿದನಂತೆ. ಮಾರನೆಯ ದಿನ ಬೆಳಿಗ್ಗೆ ಹೊನ್ನಮ್ಮ ಒದ್ದೆ ಸೀರೆಯಲ್ಲಿ ದಿಣ್ಣೆ ಹತ್ತಿದಳು. ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದಳು. ನಾನು ಪಕ್ಕದಲ್ಲಿದ್ದೆ, ಆದ್ದರಿಂದ ಅವಳು ಮಾಡಿದ್ದು ನನಗೆ ಕಂಡಿತು. ಮೊದಲು ಕೈಯನ್ನು ಬಲಕ್ಕೆ ತಿರುಗಿಸಿದಳು. ಕಟ್ ಎಂದು ಬೀಗ ಬಿತ್ತು. ಒಂದು ಉಸಿರಿನಷ್ಟು ಹೊತ್ತು ಅದು ನಿಜಕ್ಕೂ ಹಾಕಿಕೊಂಡಿತ್ತು. ಆಮೇಲೆ ಎಡಕ್ಕೆ ತಿರುಗಿಸಿದಳು. ಬಿಚ್ಚಿಕೊಂಡ ಸದ್ದು ಕೇಳಿ ಹಿಂದೆ ನಿಂತಿದ್ದ ಮರಿಸ್ವಾಮಿ ಅತ್ತುಬಿಟ್ಟ.

ಕೆಲವು ದಿನ ಬಿಟ್ಟು ಅವಳು ಅಂಗಡಿಗೆ ಬಂದು ಆ ಬೀಗವನ್ನು ಹಲಗೆಯ ಮೇಲಿಟ್ಟಳು.

"ನೀನೇ ಇಟ್ಕೋ ಅಕ್ಕಯ್ಯ. ಮನೇಲಿ ಇದ್ರೆ ನೋಡೋಕೆ ಆಗಲ್ಲ."

"ಅವತ್ತು ಯಾಕೆ ತಿರುಗಿಸ್ಲಿಲ್ಲ?"

"ಬೀಗದ ಕೈ ಒಳಗಿಟ್ಟೆ. ಬಾವನ ಹೆಸ್ರು ಹೇಳ್ದೆ. ಹೇಳ್ತಿದ್ದಂಗೇ ಅವ್ರ ಕೂಗು ಕಿವಿಗೆ ಬಂತು. ನಮ್ಮನೆಯವ್ರು ಸತ್ತ ದಿನ, ನನ್ನ ತಮ್ಮ ಹೋದ ಬನ್ರಪ್ಪೋ ಅಂತ ಬೀದಿ ಬೀದೀಲಿ ಕೂಗಿ ಮಣ್ಣಿಗೆ ಜನ ಸೇರಿಸಿದ್ದು ಅದೇ ಬಾಯಿ. ಆ ಬಾಯಿ ನಿಲ್ಲಲಿ ಅನ್ನೋಕೆ ಕೈ ಬರ್ಲಿಲ್ಲ. ಬೀಗ ವಾಪಸ್ ತಂದ್ರೆ ಪೂಜಾರಿ ಊರಿಗೆಲ್ಲ ಹೇಳ್ಕಂಡು ನಗ್ತಾನೆ. ಅದಕ್ಕೇ ಕೊಂಡಿ ಒತ್ತಿ ಬಂದೆ."

"ಹಂಗಾದ್ರೆ ನೀನೇನೂ ಮಾಡಿಲ್ಲ ಬಿಡು. ಡಾಕ್ಟ್ರು ಹೇಳಿದ್ರಲ್ಲ, ರಕ್ತದ ಒತ್ತಡ."

"ಹೇಳ್ಲಿ. ಒತ್ತಡ ಕಳಿಸ್ದೋರು ಯಾರು?" ಅವಳು ಬೀಗವನ್ನೇ ನೋಡುತ್ತಿದ್ದಳು. "ಇಲ್ಲಿ ಬೀಗ ಹಾಕ್ಲಿಲ್ಲ, ಸರಿ. ಎಮ್ಮೆ ಒಲೆ ತುಳಿದ ದಿನ ಅಡುಗೆಮನೇಲಿ ಕೂತು, ನಿನ್ನ ಬಾಯಿ ಸೇದೋಗ ಅಂತ ಬಯ್ದಿದ್ದೆ. ಕದದಮ್ಮಂಗೆ ಕೇಳ್ಸೋಕೆ ಬೀಗ ಬೇಕೇ ಬೇಕಾ?"

ನಾನು ಬೀಗವನ್ನು ಎತ್ತಿ ಹಲಗೆಯ ಕೆಳಗಿಟ್ಟೆ. ಕಾನೂನಿನ ಲೆಕ್ಕ ಬೇರೆ. ಸಾಹೇಬರು ಹೇಳಿದ ಪ್ರಕಾರ ಬಯ್ದವಳು ತಪ್ಪಿತಸ್ಥಳಲ್ಲ, ಬಯಸಿದವಳೂ ಅಲ್ಲ. ಅವತ್ತು ದಿಣ್ಣೆಯ ಮೇಲೆ ದೇವರ ಹೆದರಿಕೆ ಉಳಿಸಿ ಕೆಲಸ ಮಾಡಿಸಿಕೊಂಡವರು ಯಾರಾದರೂ ಇದ್ದರೆ ಅದು ನಾನೇ. ಅದರ ಬಗ್ಗೆ ನನಗೆ ನಿದ್ದೆ ಕೆಡಲಿಲ್ಲ. ಹೊನ್ನಮ್ಮನಿಗೆ ಮಾತ್ರ ತನ್ನ ಅಡುಗೆಮನೆಯ ಮಾತು ಮನಸ್ಸಿನಲ್ಲೇ ಉಳಿಯಿತು. ಎಮ್ಮೆಗಾಗಿ ಬಿಡಿಸಿಕೊಂಡ ಸಂದಿಯಲ್ಲಿ ಅವಳೇ ದಿನವೂ ಗಂಜಿಯ ಬಟ್ಟಲು ಹಿಡಿದು ಬಾವನ ಮನೆಗೆ ಹೋಗತೊಡಗಿದಳು. ಅವನು ಮೊದಮೊದಲು ಮುಖ ತಿರುಗಿಸುತ್ತಿದ್ದ. ಬಾಯಿ ಓರೆಯಾಗಿದ್ದವನಿಗೆ ಗಂಜಿ ಕುಡಿಸಲು ತಾಳ್ಮೆ ಬೇಕು, ಆ ಮನೆಯಲ್ಲಿ ಅದು ಬೇರೆ ಯಾರಿಗೂ ಇರಲಿಲ್ಲ. ಕಡೆಗೆ ಅವನೂ ಅವಳ ಹೆಜ್ಜೆ ಸದ್ದಿಗೆ ಕಾಯುವಂತಾದ.

"ಏನಾದ್ರೂ ಮಾತಾಡ್ತಾರಾ?" ಎಂದು ಒಮ್ಮೆ ಕೇಳಿದ್ದೆ.

"ಉಪ್ಪು ಕಮ್ಮಿಯಾದ್ರೆ ಕಣ್ಣು ಬಿಡ್ತಾರೆ. ಅಷ್ಟು ಸಾಕು ನಂಗೆ, ಬಯ್ದಂಗೇ ಇರ್ತದೆ" ಎಂದು ನಕ್ಕಳು.

ಆ ವರ್ಷ ಯುಗಾದಿಗೆ ಮುಂಚೆ ನಾನು ಎಣ್ಣೆ ಡಬ್ಬಿ, ಪುಕ್ಕ, ಹಳೇ ಬಟ್ಟೆ ಹಿಡಿದು ದಿಣ್ಣೆ ಹತ್ತಿದೆ. ಪೂಜಾರಿ ಊರೊಳಗೆ ಹೋಗಿದ್ದ. ಗಾಳಿಯಿರಲಿಲ್ಲ, ಸರಪಳಿ ಸುಮ್ಮನಿತ್ತು. ಕಂಬದ ಬುಡದಿಂದ ಶುರು ಮಾಡಿದೆ. ಮೊದಲನೆಯ ಬೀಗ ಗಟ್ಟಿಯಾಗಿತ್ತು. ಅದರ ಪಕ್ಕದ್ದನ್ನು ಎತ್ತಿ ಹಿಡಿದೆ. ಕೊಂಡಿ ಬಿಚ್ಚಿಕೊಂಡು ಬಂತು. ತುಕ್ಕಿಗೆ ಸವೆದಿರಬೇಕು ಎಂದುಕೊಂಡು ಮುಂದಕ್ಕೆ ಹೋದೆ. ಮತ್ತೊಂದು ಬಂತು. ಜಮೀನು ಹೊಡೆದುಕೊಂಡ ಅಣ್ಣನ ಮೇಲೆ ತಮ್ಮ ಹಾಕಿದ್ದು. ಅದರಾಚೆಯದು ಸೊಸೆಯ ಮೇಲೆ ಅತ್ತೆ ಹಾಕಿದ್ದು, ಅದೂ ಬಂತು. ಹೊಸದಾಗಿ ಹೊಳೆಯುತ್ತಿದ್ದ ಬೀಗಗಳೂ ಬಂದವು. ಹಾಕಿದ್ದವೂ ಇದ್ದವು, ಇಲ್ಲವೆನ್ನುವುದಿಲ್ಲ, ಎಳೆದರೆ ಜಗ್ಗದಂಥವು. ಆದರೆ ಬರಿಯ ಕೊಂಡಿ ಒತ್ತಿ ಹೋದವುಗಳೇ ಹೆಚ್ಚು. ಇಷ್ಟೊಂದು ಜನ ಸಿಟ್ಟು ಹೊತ್ತು, ಬೀಗಕ್ಕೆ ದುಡ್ಡು ಕೊಟ್ಟು, ಒದ್ದೆ ಬಟ್ಟೆಯಲ್ಲಿ ದಿಣ್ಣೆ ಹತ್ತಿ, ಈ ಸರಪಳಿಯ ಮುಂದೆ ನಿಂತು, ಬೀಗದ ಕೈ ತಿರುಗಿಸದೆ ಇಳಿದು ಹೋಗಿದ್ದರು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ನಮ್ಮನೆಯವರಿಗೆ ಗೊತ್ತಿತ್ತು. ಅವರು ಯಾಕೆ ನಗುತ್ತಿದ್ದರೆಂದು ಆಗ ನನಗೆ ತಿಳಿಯಿತು. ನನಗೂ ಹೇಳದೆ ಹೋದರಲ್ಲ ಎಂದು ಕೊಂಚ ಸಿಟ್ಟೂ ಬಂತು.

ಒಂದೊಂದಕ್ಕೂ ಎಣ್ಣೆ ಬಿಟ್ಟು, ಒಂದೊಂದನ್ನೂ ಇದ್ದ ಹಾಗೆಯೇ ಒತ್ತಿ ಕೂರಿಸಿದೆ. ಹೊನ್ನಮ್ಮನ ಬೀಗವಿದ್ದ ಜಾಗ ಖಾಲಿಯಿತ್ತು. ಅಲ್ಲಿ ಸರಪಳಿಯ ಕೊಂಡಿ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಇಳಿಯುವ ಹೊತ್ತಿಗೆ ಗಾಳಿ ಎದ್ದು, ಹಿಂದೆ ಬೀಗಗಳು ಸದ್ದು ಮಾಡತೊಡಗಿದವು.

ಹೊನ್ನಮ್ಮನಿಗೆ ಎಮ್ಮೆ ನಡೆಯುವಷ್ಟು ದಾರಿ ಸಿಕ್ಕಿತು. ಬೋರಲಿಂಗಯ್ಯನ ದನಿ ಹೋದದ್ದು ಮತ್ತೆ ಬರಲಿಲ್ಲ. ನಮ್ಮೂರಿನವರ ಬಗ್ಗೆ ನನಗಿದ್ದ ಹೆದರಿಕೆ ಹೋಯಿತು.